ಬೂಸ್ಟರಿನ ಸ್ವಿಚ್ಚಿಗೆ ತೂಗಿದ ಬೋರ್ಡು

ನಮ್ಮ ಮನೆಯ ಟಿವಿ ಪಕ್ಕದ ಸ್ವಿಚ್ಚಿಗೆ ನಮ್ಮ ಯಜಮಾನರು ಒಂದು ತಗಡಿನ ಬೋರ್ಡು ತೂಗುಹಾಕುತ್ತಿದ್ದರು. ಅಂಗೈ ಅಗಲದ ಕೆಂಪು ಬೋರ್ಡು, ಮೇಲೆ ಬಿಳಿ ಅಕ್ಷರ: "ಜನ ಕೆಲಸದಲ್ಲಿದ್ದಾರೆ. ಸ್ವಿಚ್ ಹಾಕಬೇಡಿ." ಕರೆಂಟಿನ ಕೆಲಸದವರು ಕಂಬ ಹತ್ತುವ ಮೊದಲು ಲೈನು ಬಂದ್ ಮಾಡಿ ಸ್ವಿಚ್ಚಿಗೆ ಹಾಕುವ ಬೋರ್ಡು ಅದು. ಹಾಕಿದವನೇ ಇಳಿದು ಬಂದು ತೆಗೆಯಬೇಕು. ದೊಡ್ಡ ಸಾಹೇಬರು ಬಂದರೂ ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಿಯಮ ಒಳ್ಳೆಯದೇ. ಎಷ್ಟೋ ಹೆಂಗಸರ ತಾಳಿ ಉಳಿಸಿದ ನಿಯಮ. ಆದರೆ ಅದನ್ನು ತಂದು ನನ್ನ ದೇವರ ಜಗುಲಿಯ ಎದುರಿಗೆ, ಟಿವಿ ಪಕ್ಕದ ಸ್ವಿಚ್ಚಿಗೆ ತೂಗಿದ್ದನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ನನ್ನ ಎಲ್ಲ ಸಿಟ್ಟನ್ನೂ ಶಿವನಿಗೆ ಒಪ್ಪಿಸುತ್ತೇನೆ. ಇದೊಂದನ್ನು ಒಪ್ಪಿಸಲು ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಅಂಬಿಕಾನಗರದಲ್ಲಿ, ಯಜಮಾನರು ಕೆಲಸ ಮಾಡುತ್ತಿದ್ದ ಪವರ್ ಹೌಸಿನ ಕ್ವಾರ್ಟರ್ಸಿನಲ್ಲಿದ್ದೆವು, ಕಡೆಯ ಸಾಲಿನ ಕಡೆಯ ಮನೆ. ಹಿತ್ತಲಿನಿಂದಲೇ ಗುಡ್ಡ ಏರುತ್ತಿತ್ತು. ಕೇಬಲ್ಲಿನವರು ಮೇಲಿನ ಸಾಲಿನವರೆಗೆ ಬಂದು ಅಲ್ಲೇ ನಿಂತಿದ್ದರು. ನಮಗೆ ಮಾಳಿಗೆಯ ಮೇಲೆ ಕಬ್ಬಿಣದ ಪೈಪು, ಪೈಪಿಗೆ ಆಂಟೆನಾ. ನಾಡಿಗೆಲ್ಲ ಕರೆಂಟು ಕಳಿಸುವ ಊರು ಎಂದು ಗಂಡಸರು ಎದೆ ತಟ್ಟಿಕೊಳ್ಳುತ್ತಿದ್ದರು. ಆ ಊರೊಳಗೆ ಒಂದು ಚಿತ್ರ ನೆಟ್ಟಗೆ ಬರುತ್ತಿರಲಿಲ್ಲ. ಸುದ್ದಿ ಓದುವ ಹೆಣ್ಣುಮಗಳ ಮುಖದ ಮೇಲೆ ಸಾವಿರ ಇರುವೆ ಹರಿದಾಡುತ್ತಿದ್ದವು. ನಾನಾದರೂ ಧ್ವನಿ ಕೇಳಿಸುತ್ತದಲ್ಲ, ಅಷ್ಟು ಕೊಟ್ಟಿದ್ದಾನೆ ಶಿವ ಎಂದು ಸೊಪ್ಪು ಬಿಡಿಸುತ್ತ ಕೂರುತ್ತಿದ್ದೆ.

ಆದರೆ ನಮ್ಮ ಅತ್ತೆಗೆ ಧ್ವನಿ ಸಾಲದಂತಾದ ಒಂದು ದಿನ ಬಂತು.

ಅತ್ತೆ ಮದುವೆಯಾಗಿ ಹೋದದ್ದು ಸೂಪಾಕ್ಕೆ. ಈಗ ಅಲ್ಲಿ ಊರಿಲ್ಲ, ಅಣೆಕಟ್ಟಿನ ನೀರಿದೆ. ಆಗ ಅಲ್ಲೊಂದು ಪೇಟೆ ಇತ್ತು, ಪೇಟೆಯಲ್ಲಿ ಮಾವನವರದು ಕಿರಾಣಿ ಅಂಗಡಿ. ನಮ್ಮ ಯಜಮಾನರು ಹುಟ್ಟಿದ್ದು ಆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವರಿಗೆ ಐದು ವರ್ಷವಾದಾಗ ಮಾವ ಜ್ವರ ಬಂದು ತೀರಿಕೊಂಡರು. ಅತ್ತೆ ಮಗನನ್ನು ಕಟ್ಟಿಕೊಂಡು ಹಳಿಯಾಳದ ತವರಿಗೆ ಬಂದರು. ಹಲವು ವರ್ಷದ ಮೇಲೆ ಊರು ನೀರಿನೊಳಗೆ ಹೋಯಿತು. ಆಮೇಲೆ ಅವರು ಆ ಕಡೆ ಮುಖ ಮಾಡಿ ನೋಡಿದ್ದಿಲ್ಲ. ಮಾವನವರದು ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ.

ನಾನು ಹೇಳುತ್ತಿರುವ ವರ್ಷ ಅತ್ತೆಯ ಕಣ್ಣು ಹೋಗುತ್ತಿತ್ತು. ಎಡಗಣ್ಣು ಆಗಲೇ ಪೂರ್ತಿ ಕತ್ತಲೆ. ಬಲಗಣ್ಣಿನ ನರ ಒಣಗುತ್ತ ಬಂದಿದೆ, ಹೋದ ನೋಟ ಯಾವ ಔಷಧಕ್ಕೂ ಮರಳುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು. ಅದೇ ಹೊತ್ತಿಗೆ ಅತ್ತೆಯ ಹಳೆಯ ನೆರೆಯವಳೊಬ್ಬಳು, ಈಗ ಇಲ್ಲೇ ಹತ್ತಿರ, ಮುಳುಗಡೆಯವರು ನೆಲೆಸಿದ ರಾಮನಗರದಲ್ಲಿರುವ ಕೊಂಕಣಿಯವಳು, ಬಸ್ಸು ಹತ್ತಿ ಸುದ್ದಿ ತಂದಳು.

"ವೈನಿ, ನಮ್ಮ ಸೂಪಾ ಟಿವ್ಯಾಗ ತೋರಸ್ತಾರಂತ! ಮುಳಗೂಕಿಂತ ಮೊದಲ ಯಾರೋ ತೆಗದಿಟ್ಟ ಫಿಲಮ್ಮು. ಬರೂ ತಿಂಗಳ ಮೊದಲನೇ ಐತವಾರ, ಮಧ್ಯಾಹ್ನ ಮೂರಕ್ಕ. ನನ್ನ ಮಗ ಪೇಪರಿನ್ಯಾಗ ಓದ್ಯಾನ."

"ಪ್ಯಾಟಿ ಓಣಿ ತೋರಸ್ತಾರೇನ?"

"ಊರಂದ ಮ್ಯಾಲ ಪ್ಯಾಟಿ ಬಿಡ್ತಾರೇನ ವೈನಿ?"

ಅವಳು ಹೋದ ಮೇಲೆ ಅತ್ತೆ ನನ್ನನ್ನು ಕೇಳಿದರು: "ತಂಗಿ, ಇನ್ನ ಎಷ್ಟ ದಿನ ಅದಾವ?"

"ಇಪ್ಪತ್ತ ದಿನ ಅತ್ತಿ."

"ಇಪ್ಪತ್ತ ದಿನ ಈ ಕಣ್ಣ ತಡೀತಾವೇಳು," ಎಂದರು. ಯಾರೋ ಬಾಡಿಗೆಯವರ ಬಗ್ಗೆ ಹೇಳಿದ ಹಾಗೆ ಹೇಳಿದರು.

ಮರುದಿನವೇ ನಾನು ದಾಂಡೇಲಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿಯ ಸಾಬರೊಬ್ಬರಿದ್ದರು, ಮಾತು ಕಡಿಮೆ, ಕೈ ಶುದ್ಧ. ಯಜಮಾನರನ್ನು ಕೇಳಲಿಲ್ಲವೇ ಎಂದರೆ, ಕೇಳಿದ್ದೆ. "ಆ ಕಿಟಿಕಿಟಿ ಟಿವ್ಯಾಗ ಏನ್ ಕಾಣತೈತಿ, ಬಿಡು," ಎಂದಿದ್ದರು. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಸಾಬರು ಬಂದು ಮಾಳಿಗೆ ಹತ್ತಿ ಸುತ್ತ ನೋಡಿ ಇಳಿದರು.

"ಅಕ್ಕಾರ, ನಿಮ್ಮ ಮನಿ ಬಾವ್ಯಾಗ ಕುಂತೈತಿ. ಗುಡ್ಡಾ ದಾಟಿ ಬರೂದ ಒಂದ ಚಮಚಾ ಸಿಗ್ನಲ್ಲು. ಅದರಾಗ ಅರ್ಧಾ ಈ ವಾಯರ್ ಕುಡೀತೈತಿ. ಬೂಸ್ಟರ್ ಹಾಕಬೇಕು, ಅದೂ ಮ್ಯಾಲ, ಆಂಟೆನಾದ ಬುಡಕ್ಕ."

"ಎಲ್ಲಾರೂ ಟಿವಿ ಹಿಂದ ಇಟ್ಟಿರ್ತಾರಲ್ರಿ?"

"ಇಟ್ಟಿರ್ತಾರ. ಅದಕ್ಕ ಎಲ್ಲಾರ ಮನ್ಯಾಗೂ ಇರುವಿ ದಪ್ಪ ದಪ್ಪ ಆಗಿ ಕಾಣ್ತಾವ." ಅವರು ನಗಲಿಲ್ಲ. "ಚಿತ್ರ ಮ್ಯಾಲ ತಾಜಾ ಇರ್ತೈತಿ. ವಾಯರಿನ್ಯಾಗ ಇಳಕೋತ ಬಂದಂಗ ಕಸಾ ಕೂಡತೈತಿ. ಕೂಡಿದ ಮ್ಯಾಲ ಬೂಸ್ಟರ್ ಹಚ್ಚಿದ್ರ ಕಸಾನೂ ಅಷ್ಟ ದೊಡ್ಡದಾಗತೈತಿ. ಹಾಲು ಹಿಂಡಿದ ಕೂಡ್ಲೆ ಕಾಯಿಸ್ತೀರೋ, ಹುಳಿ ಆದ ಮ್ಯಾಲ ಕಾಯಿಸ್ತೀರೋ?"

ನನಗೆ ಒಂದೇ ಮಾತಿಗೆ ತಿಳಿಯಿತು. ಒಲೆಯ ಮುಂದೆ ನಿಂತವರಿಗೆ ತಿಳಿಯುವ ಮಾತು ಅದು. ಅವರು ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆಯನ್ನು ಪೈಪಿಗೆ, ಆಂಟೆನಾದ ಗೇಣು ಕೆಳಗೆ ಕಟ್ಟಿದರು. ಇನ್ನೊಂದು ಕರಿ ಡಬ್ಬಿಯನ್ನು ಟಿವಿ ಪಕ್ಕದಲ್ಲಿಟ್ಟು ಬೇರೆಯೇ ಒಂದು ಸ್ವಿಚ್ಚಿಗೆ ಕೊಟ್ಟರು. ಅದರಲ್ಲೊಂದು ಕೆಂಪು ದೀಪ. ಮೇಲಿನ ಪೆಟ್ಟಿಗೆಗೆ ಬೇಕಾದ ಕರೆಂಟು ಈ ಡಬ್ಬಿಯಿಂದ ಆಂಟೆನಾದ ವೈರಿನಲ್ಲೇ ಏರಿ ಹೋಗುತ್ತದೆ, ಚಿತ್ರ ಅದೇ ವೈರಿನಲ್ಲಿ ಇಳಿದು ಬರುತ್ತದೆ.

"ಹನ್ನೆರಡ ವೋಲ್ಟು, ಅಷ್ಟ. ಮುಟ್ಟಿದ್ರ ಏನೂ ಆಗೂದಿಲ್ಲ. ಆದ್ರ ಒಂದ ಮಾತ ನೆಪ್ಪಿನ್ಯಾಗ ಇಡ್ರಿ ಅಕ್ಕಾರ. ಈ ಕೆಂಪ ಲೈಟ್ ಆರಿತಂದ್ರ ಮ್ಯಾಲಿನ ಡಬ್ಬಿ ಬಾಗಲಾ ಹಾಕ್ಕೊಂಡಂಗ. ಇದ್ದ ಸಿಗ್ನಲ್ಲನೂ ಬಿಡೂದಿಲ್ಲ. ಆಂಟೆನಾ ತಿರುಗಸೂದಿದ್ರ ಲೈಟ್ ಹಚ್ಚೇ ತಿರುಗಸ್ರಿ."

ದೀಪ ಹತ್ತಿತು. ಇರುವೆಗಳು ಎಲ್ಲಿ ಹೋದವೋ. ಅತ್ತೆ ಕುರ್ಚಿ ಎಳೆದುಕೊಂಡು ಬಂದು, ಬಲಗಣ್ಣನ್ನು ಗಾಜಿಗೆ ಹಿಡಿದು, "ಈಕಿ ಹಣಿಗೆ ಕುಂಕುಮಾ ಹಚ್ಚಿಲ್ಲ," ಎಂದರು. ಸುದ್ದಿಯವಳ ಹಣೆ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ನಾನು ಹೋಗಿ ದೇವರಿಗೆ ಒಂದು ಊದುಬತ್ತಿ ಹಚ್ಚಿದೆ.

ಸಂಜೆ ಯಜಮಾನರು ಪಾಳಿ ಮುಗಿಸಿ ಬಂದರು. ಚಿತ್ರ ನೋಡಲಿಲ್ಲ. ಕರಿ ಡಬ್ಬಿ ನೋಡಿದರು, ವೈರು ನೋಡಿದರು.

"ಈ ವಾಯರಿನ್ಯಾಗ ಮ್ಯಾಲ ಕರೆಂಟ್ ಹೋಗತೈತಿ?"

"ಹೂಂ ರೀ. ಹನ್ನೆರಡ ವೋಲ್ಟ ಅಂತ."

"ವೋಲ್ಟಿನ ಲೆಕ್ಕಾ ನನಗ ಹೇಳ್ತಿ? ಕಬ್ಬಿಣದ ಪೈಪು, ಮಳಿ ಬರೂ ಊರು, ಮ್ಯಾಲ ಲೈನ್ ಎಳದಾರ. ಯಾರ ಪರಮಿಟ್ ಕೊಟ್ರು?"

ನನ್ನ ಮನೆಯ ಟಿವಿಗೆ ಪರಮಿಟ್! ಮರುದಿನ ಆ ತಗಡಿನ ಬೋರ್ಡು ಬಂತು. ಕೆಳಗೆ ಕೂತು ನೋಡುವಾಗ ದೀಪ ಹಚ್ಚಬಹುದು. ಆದರೆ ಅವರು ಏಣಿಗೆ ಕಾಲಿಟ್ಟರೆ ದೀಪ ಆರಿಸಿ ಬೋರ್ಡು ಹಾಕಬೇಕು. ಇಳಿದು ಬಂದು ಅವರೇ ತೆಗೆಯಬೇಕು.

ಏಣಿ ಹತ್ತುವ ಕೆಲಸ ವಾರಕ್ಕೆರಡು ಸಲ ಬರುತ್ತಿತ್ತು. ಕರಿಮುಖದ ಮಂಗಗಳು ಗುಡ್ಡದಿಂದ ನೇರ ನಮ್ಮ ಮಾಳಿಗೆಗೆ ಹಾರಿ, ಆಂಟೆನಾ ಹಿಡಿದು ಜೋತಾಡಿ, ಅದನ್ನು ಎತ್ತಲೋ ತಿರುಗಿಸಿ ಹೋಗುತ್ತಿದ್ದವು. ಇವರು ದೀಪ ಆರಿಸಿ ಹತ್ತುವರು. ದೀಪ ಆರಿದರೆ ಮೇಲಿನ ಪೆಟ್ಟಿಗೆ ಏನನ್ನೂ ಬಿಡದು. ಇವರು ಪೈಪು ತಿರುಗಿಸುತ್ತ, "ಬಂತೇನ?" ಎನ್ನುವರು. ನಾನು ಅಂಗಳದಲ್ಲಿ ನಿಂತು, ಕಿಟಕಿಯಲ್ಲಿ ಇಣುಕಿ, "ಇಲ್ಲ!" ಎನ್ನುವೆ.

"ಈಗ?"

"ಇಲ್ಲ!"

"ಈಗರೆ?"

"ದೀಪಾ ಹಚ್ಚದ ಹೆಂಗ ಬರತೈತ್ರಿ?"

"ನೀ ಬಂತು ಇಲ್ಲ ಅಷ್ಟ ಹೇಳು!"

ಹೀಗೆ ಅರ್ಧ ಗಂಟೆ. ಕಡೆಗೆ ಯಾವುದೋ ದಿಕ್ಕಿಗೆ ಬಿಟ್ಟು ಇಳಿದು ಬಂದು, ಬೋರ್ಡು ತೆಗೆದು, ದೀಪ ಹಚ್ಚುವರು. ಆಂಟೆನಾ ಅಣೆಕಟ್ಟಿನ ಕಡೆ ನೋಡುತ್ತಿದ್ದರೆ ಚಿತ್ರ ಎಲ್ಲಿಂದ ಬರಬೇಕು? "ನೋಡಿದ್ಯಾ? ಡುಪ್ಲಿಕೇಟ್ ಮಾಲು. ನಿನಗ ಟೊಪಿಗಿ ಹಾಕ್ಯಾನ."

ಇವರ ಹಟದ ಬೇರು ನನಗೆ ಗೊತ್ತಿರಲಿಲ್ಲ ಎಂದಲ್ಲ. ಈ ಕೆಲಸ ಸಿಗುವ ಮೊದಲು, ಮದುವೆಗೂ ಮೊದಲು, ಬೇರೆ ಜಿಲ್ಲೆಯಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದಾಗ, ಜೊತೆಗಾರ ಕಂಬದ ಮೇಲಿರುವಾಗಲೇ ಕೆಳಗೆ ಯಾರೋ ಬೋರ್ಡು ತೆಗೆದು ಸ್ವಿಚ್ಚು ಹಾಕಿದ್ದರು. ಹಗ್ಗ ಕಟ್ಟಿ ಇಳಿಸಿದವರಲ್ಲಿ ಇವರೂ ಒಬ್ಬರು. ಮದುವೆಯಾದ ವರ್ಷ ಒಮ್ಮೆ ಹೇಳಿದ್ದರು, ಮತ್ತೆಂದೂ ಆ ಮಾತು ಎತ್ತಲಿಲ್ಲ. "ನನಗ ಹೆದರಿಕಿ ಆಗತೈತಿ" ಎಂದು ಒಂದು ಸಲ ಅಂದಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಅವರು ಅದನ್ನು ಅನ್ನಲಿಲ್ಲ. "ನಿನಗ ತಿಳಿಯೂದಿಲ್ಲ" ಎಂದರು. ಹೆದರಿಕೆಯನ್ನು ತಮ್ಮ ಹತ್ತಿರ ಇಟ್ಟುಕೊಂಡು ದಡ್ಡತನವನ್ನು ನನ್ನ ತಲೆಗೆ ಕಟ್ಟಿದರು. ನನ್ನ ಸಿಟ್ಟು ಇರುವುದು ಅಲ್ಲಿ.

ಸಾಬರನ್ನು ಇನ್ನೊಮ್ಮೆ ಕರೆಸಿದೆ. ಆ ದಿನ ಇವರಿಗೆ ರಜೆ. ಅಂಗಳದಲ್ಲೇ ಶುರು ಮಾಡಿದರು.

"ಏನೋ, ಹೆಣ್ಣಮಕ್ಕಳಷ್ಟ ಇದ್ದಾಗ ಬಂದು ಹಾಳ ಮಾಲ ಹಚ್ಚಿ ಹೋಗೀಯೇನ?"

ಅವರು ನಮ್ಮ ಯಜಮಾನರಿಗಿಂತ ಹಿರಿಯರು. ಗಡ್ಡ ನರೆತಿತ್ತು. ಏಕವಚನವನ್ನು ನುಂಗಿಕೊಂಡರು.

"ಮಾಲ ಬರೋಬ್ಬರಿ ಐತ್ರಿ ಸಾಹೇಬ್ರ. ಲೈಟ್ ಹಚ್ಚಿ ತಿರುಗಿಸಿ ನೋಡ್ರಿ."

"ಮ್ಯಾಲ ಮನಶ್ಯಾ ಇದ್ದಾಗ ಲೈನ್ ಚಾಲೂ ಇಡು ಅಂತಿ? ಎಲ್ಲಿ ಕಲತಿ ಈ ಧಂದೆ?"

ಸಾಬರು ಕರಿ ಡಬ್ಬಿಯಿಂದ ಮೇಲೆ ಹೋಗುವ ವೈರು ಬಿಚ್ಚಿ, ಡಬ್ಬಿಯ ದೀಪ ಉರಿಯುತ್ತಿರುವಾಗಲೇ ಅದಕ್ಕೊಂದು ಚೂರು ವೈರು ಸಿಕ್ಕಿಸಿ, ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು. "ಚುರ್ ಅಂತೈತಿ. ಉಪ್ಪಿನಕಾಯಿ ನೆಕ್ಕಿದಂಗ. ಅಷ್ಟ." ಮತ್ತೆ ಜೋಡಿಸಿ, ದೀಪ ಉರಿಯುವಾಗಲೇ ಏಣಿ ಹತ್ತಿದರು. ನಮ್ಮ ಯಜಮಾನರು ಗೇಟಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಎರಡು ನಿಮಿಷದಲ್ಲಿ ಚಿತ್ರ ಬಂತು. ಸಾಬರು ಇಳಿದು, ಪೈಪು ಬಿಗಿಯುವ ಕ್ಲಾಂಪಿನ ತಿರುಪು ಸವೆದಿದೆ, ಗಾಳಿ ಬೀಸಿದರೂ ತಿರುಗುತ್ತದೆ, ಹೊಸದು ಹಾಕಬೇಕು ಎಂದರು. ನಾನು ಚಹಾ ತಂದೆ. ಇವರು ಗೇಟಿನಿಂದಲೇ ಅಂದರು:

"ಕ್ಲಾಂಪ್ ಮಾರಲಿಕ್ಕೆ ಇನ್ನೊಂದ ದಾರಿ ಹುಡಿಕ್ಯಾನ ನೋಡು."

ಸಾಬರು ಕಪ್ಪನ್ನು ತುಟಿಗೆ ಹಚ್ಚದೆ ಕಟ್ಟೆಯ ಮೇಲೆ ಇಟ್ಟರು. "ಅಕ್ಕಾರ, ಇದು ಕರೆಂಟಿನ ತಕರಾರಲ್ಲ. ಇದನ್ನ ರಿಪೇರಿ ಮಾಡಾಕ ನನಗ ಬರೂದಿಲ್ಲ," ಎಂದು ಚೀಲ ಎತ್ತಿಕೊಂಡು ಹೋದರು. ಕ್ಲಾಂಪು ತರಲಿಲ್ಲ. ಯಾಕೆ ತರಬೇಕು?

ಆ ಭಾನುವಾರ ಬಂತು.

ಅತ್ತೆ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿದರು. ಇಳಕಲ್ಲ ಸೀರೆ ತೆಗೆಸಿದರು. ಹಣೆಯ ತುಂಬ ವಿಭೂತಿ. ದರ್ಶನಕ್ಕೆ ಹೊರಟವರ ಹಾಗೆ ಹನ್ನೆರಡಕ್ಕೇ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಒಂದೊಂದಾಗಿ ಎಣಿಸುತ್ತಿದ್ದೆ: ಮಳೆ ಇಲ್ಲ, ಕರೆಂಟು ಹೋಗಿಲ್ಲ, ಅತ್ತೆಗೆ ಇವತ್ತು ತಲೆನೋವಿಲ್ಲ, ಬಲಗಣ್ಣು ಇನ್ನೂ ಬೆಳಕು ಹಿಡಿಯುತ್ತಿದೆ. ಶಿವನೇ, ಇಷ್ಟು ಕೊಟ್ಟವನು ಇನ್ನಷ್ಟು ಕೊಡು.

ಎರಡೂವರೆಗೆ ಮಾಳಿಗೆಯ ಮೇಲೆ ದಡದಡ ಸದ್ದಾಯಿತು. ಹೊರಗೆ ಓಡಿ ನೋಡಿದೆ. ದೊಡ್ಡ ಮಂಗವೊಂದು ಆಂಟೆನಾದ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಕಲ್ಲು ಎಸೆದೆ. ಅದು ಹಾರುವಾಗ ಆಂಟೆನಾ ಗಿರ್ರೆಂದು ಸುತ್ತಿತು. ಒಳಗೆ ಬಂದರೆ ಟಿವಿಯಲ್ಲಿ ಬರೀ ಇರುವೆ.

ಯಜಮಾನರು ರಾತ್ರಿಪಾಳಿ ಮಾಡಿ ಮಲಗಿದ್ದರು. ಎಬ್ಬಿಸಿದೆ. ಗೊಣಗದೆ ಎದ್ದರು, ಅದನ್ನೂ ಲೆಕ್ಕಕ್ಕೆ ಹಿಡಿದೆ. ಆದರೆ ಎದ್ದವರು ನೇರ ಬಂದು ದೀಪ ಆರಿಸಿ ಬೋರ್ಡು ತೂಗಿದರು.

"ರೀ, ಇವತ್ತೊಂದ ದಿನ ದೀಪಾ ಇರ್ಲಿ. ಸಾಬರು ನಿಮ್ಮ ಮುಂದನ ಹತ್ತಿ ತಿರುಗಿಸ್ಯಾರ."

"ಅವಗ ತನ್ನ ಜೀವದ ಹಂಗಿಲ್ಲ. ನನಗ ಮನಿ ಮಂದಿ ಅದಾರ."

"ಹಂಗಾರ ನಾ ಹತ್ತತೇನಿ, ನೀವು ಕೆಳಗ ನಿಲ್ರಿ."

"ಹೆಂಗಸು ಮಾಳಿಗಿ ಹತ್ತಿ ಆಂಟೆನಾ ಹಿಡಿದ್ರ ಸಾಲಿನ ಮಂದಿ ನನಗ ಬಳಿ ತೊಡಸ್ತಾರ." ಏಣಿ ಹತ್ತಿಬಿಟ್ಟರು.

ಮೂರಾಯಿತು. ಗುಂಯ್‌ಗುಡುವ ಸದ್ದಿನ ನಡುವೆ, ಮುಚ್ಚಿದ ಬಾಗಿಲಿನ ಸಂದಿಯಿಂದ ಸೋರಿದ ಹಾಗೆ, ಎಲ್ಲೋ ದೂರದಲ್ಲಿ ವಾದ್ಯ ಕೇಳಿಸಿತು. ಆಮೇಲೆ ಒಬ್ಬ ಗಂಡಸಿನ ಧ್ವನಿ. ಒಂದು ಮಾತು ಸಿಕ್ಕಿದರೆ ಹತ್ತು ಮಾತು ಮುಳುಗುತ್ತಿದ್ದವು.

"ಬಂತೇನ?"

"ಇಲ್ಲ!"

"ಈಗ?"

"ಇಲ್ರಿ! ಚಾಲೂ ಆತ್ರಿ, ಫಿಲಮ್ಮು ಚಾಲೂ ಆತು!"

"ಗೊತ್ತೈತಿ, ಒದರಬ್ಯಾಡ!"

ಅತ್ತೆ ಮುಖವನ್ನು ಗಾಜಿಗೆ ಒಂದು ಗೇಣು ಹತ್ತಿರ ಒಯ್ದಿದ್ದರು. ಇರುವೆಗಳ ಬಿಳಿ ಬೆಳಕು ಅವರ ವಿಭೂತಿಯ ಮೇಲೆ ಕುಣಿಯುತ್ತಿತ್ತು. ಒಮ್ಮೆಲೆ ನನ್ನ ಸೆರಗು ಹಿಡಿದು ಜಗ್ಗಿದರು.

"ತಂಗಿ, ಪ್ಯಾಟಿ ಅಂದ್ರು. ಈಗ ಪ್ಯಾಟಿ ಅಂದ್ರಲ್ಲ? ಪ್ಯಾಟಿ ತೋರಸಾಕತ್ತಾರ. ಎಲ್ಲೈತಿ? ನನ್ನ ಕಣ್ಣಿಗೆ ಏನೂ ಕಾಣವಲ್ದು. ಆತೇನ, ನನ್ನ ಕಣ್ಣ ಹೋತೇನ?"

ಕಣ್ಣು ಹೋಗಿರಲಿಲ್ಲ. ನನಗೂ ಏನೂ ಕಾಣುತ್ತಿರಲಿಲ್ಲ. ಆದರೆ ಅವರು ತಮ್ಮ ಕಣ್ಣೇ ಹೋಯಿತೆಂದು ತಿಳಿದು ಎರಡೂ ರೆಪ್ಪೆಯನ್ನು ಬೆರಳಿನಿಂದ ಅಗಲಿಸಿ ಹಿಡಿದುಕೊಂಡು ಕೂತಿದ್ದರು. ಮೇಲೆ ಅವರ ಮಗ ನಿಧಾನವಾಗಿ, ನಿಯಮದ ಪ್ರಕಾರ, ಸತ್ತ ವೈರಿನ ಆಂಟೆನಾವನ್ನು ತಿರುಗಿಸುತ್ತಿದ್ದರು.

ಗೋಡೆಯ ಗಡಿಯಾರದಲ್ಲಿ ಮೂರು ಹದಿನೈದು. ಅರ್ಧ ಗಂಟೆಯ ಕಾರ್ಯಕ್ರಮ.

ನಾನು ಸ್ವಿಚ್ಚಿನ ಹತ್ತಿರ ಹೋದೆ. ಬೋರ್ಡು ಹಿಡಿದೆ. ಸಾಬರ ನಾಲಿಗೆ ನೆನೆಸಿಕೊಂಡೆ. ಆ ಕಂಬದ ಮೇಲಿನ ಹುಡುಗನನ್ನೂ ನೆನೆಸಿಕೊಂಡೆ, ಸುಳ್ಳೇಕೆ ಹೇಳಲಿ. ಸಾಬರ ಮಾತು ತಪ್ಪಾಗಿದ್ದರೆ? ಒಂದು ಕೈ ಕೊರಳಿನ ಲಿಂಗದ ಮೇಲಿತ್ತು. ಇನ್ನೊಂದು ಕೈಯಿಂದ ಬೋರ್ಡು ತೆಗೆದು ಸ್ವಿಚ್ಚು ಹಾಕಿದೆ.

ಕೆಂಪು ದೀಪ ಹತ್ತಿತು. ಮೇಲಿನಿಂದ ಏನಾದರೂ ಬೀಳುವ ಸದ್ದು ಬರುತ್ತದೋ ಎಂದು ಕಿವಿಗೊಟ್ಟು ನಿಂತೆ. ಬಂದದ್ದು ಒಂದೇ ಮಾತು:

"ಈಗ?"

ಇದಕ್ಕಿಂತ ಸಿಹಿಯಾದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಟಿವಿಯಲ್ಲಿ ನೆರಳುಗಳು ಏಳುತ್ತಿದ್ದವು. "ಇನ್ನೊಂದ ಸ್ವಲ್ಪ!" ಎಂದು ಕೂಗಿದೆ. "ಇನ್ನೊಂದ ಸ್ವಲ್ಪ... ನಿಲ್ರಿ! ಅಲ್ಲೇ! ಹಂಗ ಹಿಡಕೊಂಡ ನಿಲ್ರಿ!"

"ಬಂತ?"

"ಬಂತು! ಬಿಡಬ್ಯಾಡ್ರಿ, ಬಿಟ್ರ ತಿರುಗತೈತಿ!"

"ನೋಡಿದ್ಯಾ? ನಾ ಹೇಳಿದ್ದಿಲ್ಲೇನು, ಲೈನ್ ಬಂದ್ ಇದ್ರೂ ಬರತೈತಿ ಅಂತ! ಕೈಯಾಗ ಕಸಬ ಇರಬೇಕು!" ಮಾಳಿಗೆಯ ಮೇಲಿಂದ ಅವರ ಹೆಮ್ಮೆ ಅಂಗಳಕ್ಕೆಲ್ಲ ಕೇಳಿಸಿತು. ಆಮೇಲೆ ಅಭ್ಯಾಸದಂತೆ, "ಬೋರ್ಡ್ ಐತಿಲ್ಲ?"

"ಐತಿ!" ಎಂದೆ. ಬೋರ್ಡು ನನ್ನ ಕೈಯಲ್ಲಿತ್ತು.

ಪೇಟೆ ಮುಗಿದುಹೋಗಿತ್ತು. ನಾವು ನೋಡಿದ್ದು ಹೊಳೆಗೆ ಇಳಿಯುವ ಮೆಟ್ಟಿಲು. ಅಲ್ಲಿ ಮೂವರು ಹೆಂಗಸರು ಅರಿವೆ ಒಗೆಯುತ್ತಿದ್ದರು. ಆಮೇಲೆ ಒಂದು ಚಕ್ಕಡಿ, ಅದರ ತುಂಬ ಹೆಂಚು, ಹೆಂಚಿನ ಮೇಲೆ ಕಿತ್ತ ಬಾಗಿಲ ಚೌಕಟ್ಟು. ಚಕ್ಕಡಿ ತಿರುಗುವಾಗ ಹಿಂದೆ ಓಣಿಯ ಒಂದು ಮೂಲೆ, ಮಾಡು ಇಲ್ಲದ ಎರಡು ಗೋಡೆ. ಅಷ್ಟೇ.

ಅತ್ತೆ ಬೆರಳನ್ನು ಗಾಜಿನ ಮೇಲೆ ಇಟ್ಟರು. "ಮೂರನೇ ಮೆಟ್ಲಾ ಬಿರುಕ ಬಿಟ್ಟಿತ್ತು. ನೋಡು, ಹಂಗ ಐತಿ. ಅಲ್ಲೇ ನನ್ನ ಕಾಲುಂಗುರ ಸಿಕ್ಕೊಂಡ ಹೋಗಿತ್ತು." ಆ ಮೇಲೆ ನೀರು ಬಂತು, ನೀರೇ ನೀರು. ಒಬ್ಬರು ಅಧಿಕಾರಿ ಬಂದು ಏನೋ ಹೇಳಿದರು. ಮುಗಿಯಿತು.

"ಪ್ಯಾಟಿ ಇನ್ನೊಮ್ಮೆ ತೋರಸೂದಿಲ್ಲೇನ ತಂಗಿ?"

"ಇಲ್ಲ ಅತ್ತಿ."

"ಬಿಡು. ಮೆಟ್ಲಾ ಕಂಡ್ವು," ಎಂದರು. ಅವರು ನನಗಿಂತ ದೊಡ್ಡ ಮನಸ್ಸಿನವರು. ಕೊಟ್ಟಷ್ಟನ್ನು ಎಣಿಸುವುದನ್ನು ನಾನು ಅವರಿಂದಲೇ ಕಲಿತದ್ದು. ಆ ದಿನ ನನಗೆ ಅದು ಕೈಹಿಡಿಯಲಿಲ್ಲ. ಸಿಕ್ಕ ಮೆಟ್ಟಿಲನ್ನು ಬಿಟ್ಟು ಕಳೆದ ಹದಿನೈದು ನಿಮಿಷವನ್ನೇ ಎಣಿಸುತ್ತಿದ್ದೆ.

"ಬಿಡ್ಲೇನ?" ಎಂದು ಮೇಲಿಂದ ಕೇಳಿಸಿತು. ಜಾಹೀರಾತು ನಡೆಯುತ್ತಿತ್ತು. ಬಿಸಿಲಿಗೆ ಕಾದ ಪೈಪು ಹಿಡಿದು ನಿಂತಿದ್ದಾರೆಂದು ಗೊತ್ತಿತ್ತು. "ಇನ್ನೂ ಐತ್ರಿ, ನಿಲ್ರಿ," ಎಂದೆ. ಒಂದು ಸಾಬೂನು, ಒಂದು ಚಹಾಪುಡಿ, ಒಂದು ಟೂತ್‌ಪೇಸ್ಟು ಮುಗಿಯುವವರೆಗೆ ನಿಲ್ಲಿಸಿದೆ. ಶಿವ ಅದನ್ನು ಬರೆದಿಟ್ಟುಕೊಂಡಿರಬೇಕು. ಬರೆದಿಟ್ಟುಕೊಳ್ಳಲಿ.

ಇಳಿದು ಒಳಗೆ ಬಂದವರು ನಗುತ್ತಿದ್ದರು. ಕೆಂಪು ದೀಪ ಕಂಡಿತು. ಆಮೇಲೆ ನನ್ನ ಮಡಿಲಲ್ಲಿದ್ದ ಬೋರ್ಡು ಕಂಡಿತು. ನಗು ಹಾಗೆಯೇ ನಿಂತು, ಅದರ ಹಿಂದಿನಿಂದ ರಕ್ತವೆಲ್ಲ ಇಳಿದುಹೋಯಿತು. ಗೋಡೆ ಹಿಡಿದು ಕೂತರು.

"ನಾ ಸತ್ತಿದ್ರ?"

"ಸಾಯಲಿಲ್ಲಲ್ಲ."

"ಸತ್ತಿದ್ರ ಅಂತ ಕೇಳೇನಿ."

ಅವರ ಪ್ರಶ್ನೆ ನ್ಯಾಯದ್ದೇ. ಆದರೆ ನನ್ನ ಪ್ರಶ್ನೆಯೂ ಇತ್ತು. "ನಿಮ್ಮವ್ವ ಕಣ್ಣ ಅಗಲಿಸಿ ಹಿಡಕೊಂಡ ಕುಂತಿದ್ರು. ಪ್ಯಾಟಿ ಬಂದ ಹೋತು. ಅದನ್ನ ಯಾರ ಕೊಡ್ತಾರ?" ಎಂದೆ. ಅವರು ಎದ್ದು ಹೊರಗೆ ಹೋದರು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ, ತಾಟು ನೀಡಿದೆ, ತಾಟು ತೊಳೆದೆ. ಹನ್ನೆರಡನೆಯ ದಿನ ಅವರು ಆಡಿದ ಮೊದಲ ಮಾತು, "ಉಪ್ಪ ಕಡಿಮಿ ಆಗೇತಿ." ತಪ್ಪಾಯಿತು ಎಂದು ನನಗೂ ಹೇಳಲಿಲ್ಲ, ಆ ಸಾಬರಿಗೂ ಹೇಳಲಿಲ್ಲ. ನಾನೇ ದಾಂಡೇಲಿಗೆ ಹೋಗಿ ಸಾಬರ ಮುಂದೆ ಕೈಮುಗಿದು ಬಂದೆ. "ನೀವ್ಯಾಕ ಅಕ್ಕಾರ," ಎಂದರು ಅವರು. ಅದೇ ನನ್ನ ಪ್ರಶ್ನೆಯೂ ಆಗಿತ್ತು.

ಮಳೆಗಾಲ ಮುಗಿಯುವ ಮೊದಲು ಅತ್ತೆಯ ಬಲಗಣ್ಣೂ ಕತ್ತಲಾಯಿತು. ಆಮೇಲೆ ಅವರು ಆ ಫಿಲಮ್ಮಿನಲ್ಲಿ ಕಂಡದ್ದನ್ನು ಮಗನಿಗೆ ಹೇಳತೊಡಗಿದರು. ಬೆಳಿಗ್ಗೆ ಚಹಾದ ಹೊತ್ತಿಗೆ, ಇವರು ಕೆಲಸಕ್ಕೆ ಹೊರಡುವ ಮೊದಲು. ಮೊದಲು ಮೆಟ್ಟಿಲು, ಚಕ್ಕಡಿ. ಸ್ವಲ್ಪ ದಿನಕ್ಕೆ ಪೇಟೆಯೂ ಸೇರಿತು. ಓಣಿಯ ಬಾವಿ, ಅಕ್ಕಸಾಲಿಗರ ಕಟ್ಟೆ. ವರ್ಷ ತುಂಬುವುದರೊಳಗೆ ನಮ್ಮ ಅಂಗಡಿಯೇ ಬಂತು, ಅಂಗಡಿಯ ಮುಂದೆ ತಕ್ಕಡಿ ಹಿಡಿದ ಮಾವನವರೂ ಬಂದರು. "ನಿಮ್ಮಪ್ಪ ಬೆಲ್ಲಾ ತೂಗಾಕತ್ತಿದ್ದ. ಹೆಗಲ ಮ್ಯಾಲ ಆ ಕೆಂಪ ಅಂಚಿನ ವಸ್ತ್ರಾನ ಇತ್ತು ನೋಡಪಾ." ಆ ಫಿಲಮ್ಮು ತೆಗೆದದ್ದು ಮಾವ ತೀರಿಕೊಂಡು ಎಷ್ಟೋ ವರ್ಷದ ಮೇಲೆ. ಅದು ಮೂವರಿಗೂ ಗೊತ್ತಿತ್ತು. ಇವರು ಕಪ್ಪು ಹಿಡಿದು ಕೇಳುತ್ತ ಕೂರುತ್ತಿದ್ದರು, ಒಂದು ಸಲವೂ ತಡೆಯಲಿಲ್ಲ. ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ಕೇಳುತ್ತಿದ್ದೆ, ಹಿಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಗುದ್ದು ಬೀಳುತ್ತಿತ್ತು.

ಅತ್ತೆ ಲಿಂಗೈಕ್ಯರಾಗಿ ಬಹಳ ವರ್ಷವಾಯಿತು. ನಾವೀಗ ಹಳಿಯಾಳದಲ್ಲಿದ್ದೇವೆ. ಆಂಟೆನಾ ನೋಡುತ್ತಿದ್ದ ಟವರಿನಿಂದ ಈಗ ಏನೂ ಬರುವುದಿಲ್ಲವಂತೆ, ಬಂದ್ ಮಾಡಿದ್ದಾರಂತೆ. ಯಜಮಾನರು ನಿವೃತ್ತರು. ಮಧ್ಯಾಹ್ನ ಊಟವಾದ ಮೇಲೆ ಮೊಬೈಲು ಹಿಡಿದು ಜಗುಲಿಯ ಮೇಲೆ ಕೂರುತ್ತಾರೆ. ಏನು ನೋಡುತ್ತಾರೆ ಎಂದು ನಾನು ಬಹಳ ದಿನ ಕೇಳಿರಲಿಲ್ಲ. ಆ ಫಿಲಮ್ಮನ್ನು ಹುಡುಕುತ್ತಾರೆ. ಸಿಕ್ಕಿಲ್ಲ.

ಮೊನ್ನೆ ನಾನು ಅಕ್ಕಿ ಆರಿಸುತ್ತಿದ್ದಾಗ ಮೊಬೈಲಿನಿಂದ ತಲೆ ಎತ್ತದೆ ಕೇಳಿದರು.

"ಖರೇ ಹೇಳು. ಅಪ್ಪ ಕಂಡಿದ್ನೇನ?"

"ಕಂಡಿದ್ರು."

"ಹೆಂಗಿದ್ದ?"

ಮಾವನವರ ಮುಖ ನಾನು ಜನ್ಮದಲ್ಲಿ ನೋಡಿಲ್ಲ. ಮುಂದೆ ಕೂತವರನ್ನು ನೋಡಿದೆ. ನೆತ್ತಿ ಬೋಳಾಗಿದೆ, ಕಿವಿಯ ಮೇಲೆ ಎರಡು ಬಿಳಿ ಕೂದಲು.

"ನಿಮ್ಮಂಗ ಇದ್ರು," ಎಂದೆ. "ಭಾಳ ಹೊತ್ತ ತೋರಿಸಿದ್ರು. ನೀವು ಮ್ಯಾಲಿದ್ರಿ."

ಅವರು ತಲೆಯಾಡಿಸಿದರು. ಮತ್ತೆ ಮೊಬೈಲಿನ ಮೇಲೆ ಬೆರಳು ಸರಿಸತೊಡಗಿದರು. ನಾನು ಅಕ್ಕಿ ಆರಿಸಿದೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಹೇಳಿದ ಸುಳ್ಳು ಅದು. ಶಿವನ ಮುಂದೆ ತಪ್ಪಾಯಿತು ಎನ್ನಬೇಕು. ಇನ್ನೂ ಅಂದಿಲ್ಲ. ಆ ಮಾತನ್ನು ಮೊದಲು ಇವರು ಅನ್ನಲಿ.